ಒಂದು ನಾಟಕ, ಸಾವಿರ ರೂಪಾಯಿ ದಂಡ

"ಕತೆ, ನಾಟಕ ಬರೆದರೆ ಸಮಾಜ ಬದಲಾಗುತ್ತೇನೋ?" ಮೊನ್ನೆ ಕಾಫಿ ಕುಡಿಯುವಾಗ ಗೆಳೆಯನೊಬ್ಬ ಕೇಳಿದ. ತಕ್ಷಣಕ್ಕೆ ಏನೂ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಬಂಗಾಳದ 'ನೀಲ್ ದರ್ಪಣ್' ನೆನಪಾಯಿತು. ಅವನೂ ಓದಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ :)

ನೀಲ್ ಅಂದರೆ ಬಟ್ಟೆಗೆ ಹಾಕುವ ನೀಲಿ ಬಣ್ಣದ ಬೆಳೆ. ಆಗ ಯುರೋಪಿನಲ್ಲಿ ಅದಕ್ಕೆ ಭಾರೀ ಬೇಡಿಕೆ. ಬಂಗಾಳದ ನೀಲಿ ಸಾಹೇಬರು ರೈತರ ಕೈಗೆ ಮುಂಗಡ ತುರುಕಿ, ಭತ್ತ ಬೆಳೆಯುವ ಒಳ್ಳೆಯ ಗದ್ದೆಯಲ್ಲೇ ನೀಲಿ ಬಿತ್ತಿಸುತ್ತಿದ್ದರು. ಕೊಡುವ ಬೆಲೆ ಖರ್ಚಿಗೂ ಸಾಲದು. ಹಾಗಾಗಿ ಮುಂಗಡ ತೀರುತ್ತಲೇ ಇರಲಿಲ್ಲ, ಅಪ್ಪನ ಸಾಲ ಮಗನ ತಲೆಗೆ! ಒಲ್ಲೆ ಅಂದವರಿಗೆ ಲಾಠಿ ಏಟು. ಕೊನೆಗೆ 1859ರಲ್ಲಿ ರೈತರು ತಿರುಗಿಬಿದ್ದರು.

ಮರುವರ್ಷ, 1860ರಲ್ಲಿ, ಢಾಕಾದಲ್ಲಿ ಈ ನಾಟಕ ಅಚ್ಚಾಯಿತು. ಪುಸ್ತಕದ ಮೇಲೆ ಲೇಖಕನ ಹೆಸರಿಲ್ಲ. ಇರುವುದಾದರೂ ಹೇಗೆ? ಬರೆದ ದೀನಬಂಧು ಮಿತ್ರ ಅಂಚೆ ಇಲಾಖೆಯ ಸರ್ಕಾರಿ ನೌಕರ. ಊರೂರು ಸುತ್ತುವ ಕೆಲಸ, ಕಣ್ಣಾರೆ ಕಂಡಿದ್ದನ್ನೇ ಬರೆದರು. ಸುಳ್ಳು ಮೊಕದ್ದಮೆಯಲ್ಲಿ ಜೈಲು ಸೇರಿ ನೇಣು ಹಾಕಿಕೊಳ್ಳುವ ಗೋಲಕ ಬಸು, ಸಾಹೇಬನ ದೌರ್ಜನ್ಯಕ್ಕೆ ಸಿಕ್ಕಿ ಸಾಯುವ ಬಸುರಿ ಕ್ಷೇತ್ರಮಣಿ... ಓದಿದವರ ನಿದ್ದೆ ಕೆಡಿಸುವ ನಾಟಕ.

1861ರಲ್ಲಿ ಪಾದ್ರಿ ಜೇಮ್ಸ್ ಲಾಂಗ್ ಇದರ ಇಂಗ್ಲಿಷ್ ಅನುವಾದ ಪ್ರಕಟಿಸಿದರು. ಸಾಹೇಬರ ಕಡೆಯವರು ಮಾನನಷ್ಟ ಮೊಕದ್ದಮೆ ಹೂಡಿದರು. ಲಾಂಗ್ ಅನುವಾದಕನ ಹೆಸರು ಬಿಟ್ಟುಕೊಡಲಿಲ್ಲ. ಒಂದು ತಿಂಗಳು ಜೈಲು, ಸಾವಿರ ರೂಪಾಯಿ ದಂಡ. ಆ ಹಣವನ್ನು ಕೋರ್ಟಿನಲ್ಲೇ ಕಟ್ಟಿದ್ದು ಕಲ್ಕತ್ತಾದ ಶ್ರೀಮಂತ ಲೇಖಕ ಕಾಳಿಪ್ರಸನ್ನ ಸಿಂಹ. ಆಗ ಅವರಿಗಿನ್ನೂ ಇಪ್ಪತ್ತರ ಆಸುಪಾಸು!

1872ರಲ್ಲಿ ಕಲ್ಕತ್ತಾದ ನ್ಯಾಷನಲ್ ಥಿಯೇಟರ್ ಶುರುವಾಗಿದ್ದೇ ಈ ನಾಟಕದಿಂದ. 1875ರಲ್ಲಿ ಲಕ್ನೋದಲ್ಲಿ ರೈತ ತೋರಾಪ್ ಸಾಹೇಬನಿಗೆ ಬಾರಿಸುವ ದೃಶ್ಯ ಬಂದಾಗ ಬಿಳಿಯ ಪ್ರೇಕ್ಷಕರು ರಂಗಕ್ಕೇ ನುಗ್ಗಿದರು, ಆಟ ನಿಂತಿತು. 1876ರಲ್ಲಿ ನಾಟಕಗಳಿಗೆ ಮೂಗುದಾರ ಹಾಕುವ ಕಾನೂನೇ ಬಂತು. ಸ್ವಾತಂತ್ರ್ಯ ಬಂದ ಮೇಲೂ ಉಳಿದಿದ್ದ ಅದು ರದ್ದಾಗಿದ್ದು 2018ರಲ್ಲಿ!

ಹಾಗಾದರೆ ನಾಟಕ ರೈತರನ್ನು ಬಿಡಿಸಿತಾ? ಇಲ್ಲ. ನಾಟಕ ಬರುವ ಮೊದಲೇ ಅವರು ಎದ್ದಿದ್ದರು. 1860ರ ನೀಲಿ ಆಯೋಗ ಸಾಹೇಬರದೇ ತಪ್ಪು ಅಂದಿತು. ಆದರೂ ನೀಲಿ ಬಿಹಾರಕ್ಕೆ ಜರುಗಿತು ಅಷ್ಟೆ. 1917ರಲ್ಲಿ ಗಾಂಧೀಜಿ ಚಂಪಾರಣ್‌ಗೆ ಹೋಗಬೇಕಾಯಿತಲ್ಲ, ಅದೂ ಇದೇ ನೀಲಿಗಾಗಿ.

ಬದಲಾಗಿದ್ದು ಬೇರೆ. ನೀಲಿ ಗದ್ದೆಗೆ ಕಾಲಿಡದ ಪೇಟೆಯವರಿಗೆ ರೈತನ ನೋವು ತಮ್ಮದೂ ಅನ್ನಿಸಿತು. ಒಬ್ಬ ಪಾದ್ರಿ ಅದಕ್ಕಾಗಿ ಜೈಲಿಗೆ ಹೋದ, ಒಬ್ಬ ಸಿರಿವಂತ ಹುಡುಗ ಹಣ ಸುರಿದ. ಎದ್ದವರು ರೈತರೇ, ಆದರೆ ಅವರು ಒಂಟಿಯಾಗಲಿಲ್ಲ. ಸಾಹಿತ್ಯ ಮಾಡಬಹುದಾದ್ದು ಇಷ್ಟೇ ಇರಬಹುದು. ಇದೇನು ಕಮ್ಮಿಯಾ?

ನೀವೇನಂತೀರಿ?