ತುಡುವೆ ಜೇನು: ಆಹಾರ ಮತ್ತು ಕುಟುಂಬದ ಉಳಿವು

ತುಡುವೆ ಮಲೆನಾಡಿನ ಮನೆಯಂಗಳದಲ್ಲೂ ಅಡಿಕೆ ತೋಟದಲ್ಲೂ ಪೆಟ್ಟಿಗೆಯಲ್ಲಿಟ್ಟು ಸಾಕುವ ಜೇನು. ವೈಜ್ಞಾನಿಕ ಹೆಸರು ಏಪಿಸ್ ಸೆರಾನ ಇಂಡಿಕ. ಹೆಜ್ಜೇನು, ಕೋಲುಜೇನುಗಳು ಬಯಲಿನಲ್ಲಿ ಒಂದೇ ಎರಿ ಕಟ್ಟುತ್ತವೆ. ತುಡುವೆ ಮರದ ಪೊಟರೆ, ಹುತ್ತದಂಥ ಕತ್ತಲ ಜಾಗದಲ್ಲಿ ಸಾಲಾಗಿ ಹಲವು ಎರಿ ಕಟ್ಟುವುದರಿಂದ ಪೆಟ್ಟಿಗೆಗೆ ಒಗ್ಗುತ್ತದೆ. ಲಿಂಗನಮಕ್ಕಿ ಹಿನ್ನೀರಿನ ಸುತ್ತಮುತ್ತ, ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಸಾಕಿದ ಕುಟುಂಬ ಉಳಿಯುವುದು ಬಹುಮಟ್ಟಿಗೆ ಮಳೆಗಾಲದಲ್ಲಿ ಅದಕ್ಕೆ ಸಿಗುವ ಆಹಾರದಿಂದ.

ಆಹಾರದ ಅಂಶಗಳು

ಮಕರಂದದಿಂದ ಆಗುವ ಜೇನುತುಪ್ಪ ಕುಟುಂಬಕ್ಕೆ ಶಕ್ತಿ ಕೊಡುತ್ತದೆ: ಹಾರಾಟಕ್ಕೆ, ಮೇಣ ಸುರಿಸಲಿಕ್ಕೆ, ಗೂಡಿನ ಬಿಸಿ ಕಾಯಲಿಕ್ಕೆ. ಹೂವಿನ ಪರಾಗದಿಂದ ಪ್ರೋಟೀನು, ಕೊಬ್ಬು, ಜೀವಸತ್ವ, ಲವಣಗಳು ದೊರೆಯುತ್ತವೆ. ಎಳೆಯ ಕೆಲಸಗಾರ ನೊಣಗಳು ಪರಾಗವನ್ನು ತಿಂದು, ತಲೆಯಲ್ಲಿರುವ ಗ್ರಂಥಿಗಳಿಂದ ಹಾಲಿನಂಥ ರಸ ಸ್ರವಿಸಿ ಮರಿಗಳಿಗೆ ಉಣಿಸುತ್ತವೆ. ಮೊದಲ ಮೂರು ದಿನ ಎಲ್ಲ ಮರಿಗಳಿಗೂ ಇಂಥ ರಸವೇ ಊಟ. ಆಮೇಲೆ ಕೆಲಸಗಾರ ಮರಿಗಳಿಗೆ ಜೇನು, ಪರಾಗ ಬೆರೆತ ಆಹಾರ ಬರುತ್ತದೆ. ರಾಣಿಯಾಗಬೇಕಾದ ಮರಿಗೆ ಕೊನೆಯವರೆಗೂ ರಾಜಶಾಹಿ ರಸ ಧಾರಾಳವಾಗಿ ಸಿಗುತ್ತದೆ. ಒಂದೇ ಬಗೆಯ ಮೊಟ್ಟೆಯಿಂದ ರಾಣಿ ಹುಟ್ಟುವುದೋ ಕೆಲಸಗಾರ ನೊಣ ಹುಟ್ಟುವುದೋ ಎಂಬುದು ಈ ಊಟದ ವ್ಯತ್ಯಾಸದಿಂದಲೇ ತೀರ್ಮಾನವಾಗುತ್ತದೆ. ಜೇನ್ನೊಣಕ್ಕೆ ಬೇಕಾದ 10 ಅವಶ್ಯ ಅಮೈನೋ ಆಮ್ಲಗಳು ಎಲ್ಲ ಹೂಗಳ ಪರಾಗದಲ್ಲೂ ಸಾಕಷ್ಟಿರುವುದಿಲ್ಲ. ಹಲವು ಜಾತಿಯ ಹೂಗಳಿರುವ ಕಡೆ ಕುಟುಂಬ ಗಟ್ಟಿಯಾಗಿರುವುದಕ್ಕೆ ಇದು ಕಾರಣ.

ವರ್ಷದ ಚಕ್ರ

ಚಳಿ ಕಳೆದು ಗೇರು, ಮಾವು, ನೇರಳೆ, ಮತ್ತಿ ಸರದಿಯಂತೆ ಹೂಬಿಡುವ ತಿಂಗಳುಗಳು ಸುಗ್ಗಿ. ತುಪ್ಪ ತೆಗೆಯುವುದೂ ಮುಖ್ಯವಾಗಿ ಬೇಸಿಗೆಯಲ್ಲಿ. ಗುರ್ಗಿ ಹಲವು ವರ್ಷಗಳಿಗೊಮ್ಮೆ ಕಾಡು ತುಂಬ ಹೂತಾಗ ಸುಗ್ಗಿ ಇಮ್ಮಡಿಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರಗಾಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ಮೀರುತ್ತದೆ. ಜಡಿಮಳೆಯಲ್ಲಿ ನೊಣ ಹೊರಬೀಳುವುದಿಲ್ಲ. ಹೂವಿದ್ದರೂ ಮಕರಂದ ತೊಳೆದುಹೋಗಿ ಪರಾಗ ನೆನೆದಿರುತ್ತದೆ. ಹೊಳವಾದಾಗ ತೆಂಗಿನ ಹೂವು, ಮುಟ್ಟಿದರೆ ಮುನಿಯಂಥ ಗಿಡಗಳು ಆಸರೆ. ಮಳೆ ಇಳಿಯುವ ಹೊತ್ತಿಗೆ ಹೊನಗಲು ಹೂಬಿಟ್ಟು ಕುಟುಂಬ ಚೇತರಿಸಿಕೊಳ್ಳುತ್ತದೆ.

ಕೊರತೆಯ ಲಕ್ಷಣಗಳು

ಉಂಡ ಕುಟುಂಬದ ಎರಿಯಲ್ಲಿ ಎಳೆಮರಿ ಬಿಳಿ ರಸದಲ್ಲಿ ತೇಲುತ್ತಿರುತ್ತದೆ. ಪರಾಗ ಸಾಲದಾದಾಗ ಮರಿಯ ಕೋಶದ ತಳ ಒಣಗಿರುತ್ತದೆ. ಮುಚ್ಚಿದ ಕೋಶಗಳ ನಡುವೆ ಅಲ್ಲಲ್ಲಿ ಖಾಲಿ ಕೋಶಗಳು ಕಾಣುತ್ತವೆ. ಕೆಲಸಗಾರ ನೊಣಗಳು ಮೊಟ್ಟೆಯನ್ನೂ ಎಳೆಮರಿಯನ್ನೂ ತಿಂದು ಪ್ರೋಟೀನನ್ನು ಉಳಿಸಿಕೊಳ್ಳುತ್ತವೆ. ರಾಣಿ ಮೊಟ್ಟೆ ಇಡುವುದು ನಿಧಾನವಾಗಿ ಕೊನೆಗೆ ನಿಂತೇಹೋಗುತ್ತದೆ. ಹಳೆಯ ನೊಣ ಸತ್ತಂತೆ ಹೊಸದು ಹುಟ್ಟದೆ ಎರಿಗಳು ಬರಿದಾಗುತ್ತವೆ, ಕಾವಲಿಲ್ಲದ ಎರಿಗೆ ಮೇಣದ ಪತಂಗ ಮೊಟ್ಟೆಯಿಟ್ಟು ಅದರ ಹುಳು ಬಲೆ ನೇಯುತ್ತದೆ. ತುಡುವೆ ಇಂಥ ಸ್ಥಿತಿಯಲ್ಲಿ ಸಾಯುವವರೆಗೆ ಕಾಯುವುದು ಕಡಿಮೆ. ಇಡೀ ಕುಟುಂಬ ಪೆಟ್ಟಿಗೆ ಬಿಟ್ಟು ಪರಾರಿಯಾಗುತ್ತದೆ.

ಎಲ್ಲ ನಷ್ಟಕ್ಕೂ ಹಸಿವೆಯೇ ಕಾರಣವಲ್ಲ. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿದ ಥೈ ಸ್ಯಾಕ್‌ಬ್ರೂಡ್ ವೈರಸ್ ರೋಗ. ಅದಕ್ಕೆ ಆಹಾರ ಮದ್ದಲ್ಲ.

ಪೂರಕ ಆಹಾರ

ಮಳೆಗಾಲದಲ್ಲಿ ಸಮತೂಕದ ಸಕ್ಕರೆ, ನೀರು ಸೇರಿಸಿ ಪಾಕ ಕೊಡುತ್ತಾರೆ. ಕುಟುಂಬಕ್ಕೆ ವಾರಕ್ಕೆ ಸುಮಾರು 200 ಗ್ರಾಂ ಸಕ್ಕರೆ ಎಂಬುದು ಸಾಮಾನ್ಯ ಲೆಕ್ಕ. ನೀರು ಕಾಯಿಸಿ ಇಳಿಸಿ ಸಕ್ಕರೆ ಕರಗಿಸಬೇಕು. ಪಾಕ ಸೀದರೆ ಅದರಲ್ಲಿ ನೊಣಕ್ಕೆ ವಿಷವಾಗುವ ವಸ್ತು ಹುಟ್ಟುತ್ತದೆ. ಬೆಲ್ಲದಲ್ಲಿ ಜೀರ್ಣವಾಗದ ಅಂಶಗಳಿರುವುದರಿಂದ ಭೇದಿಯಾಗುತ್ತದೆ. ಬೇರೆ ಕುಟುಂಬದ ತುಪ್ಪ ರೋಗ ತರಬಹುದು. ಪಾಕವನ್ನು ಸಂಜೆಗತ್ತಲಲ್ಲಿ ಪೆಟ್ಟಿಗೆಯ ಒಳಗೇ ಇಟ್ಟು, ನೊಣ ಮುಳುಗದಂತೆ ಮೇಲೆ ಕಡ್ಡಿ ಹಾಕುತ್ತಾರೆ. ಹಗಲಲ್ಲಿ ಚೆಲ್ಲಿದರೆ ಬಲವಾದ ಕುಟುಂಬ ದುರ್ಬಲ ಕುಟುಂಬವನ್ನು ದೋಚುತ್ತದೆ.

ಸಕ್ಕರೆ ನೊಣದ ಜೀವ ಹಿಡಿದೀತು, ಮರಿ ಬೆಳೆಸದು. ಎಣ್ಣೆ ತೆಗೆದ ಸೋಯಾ ಹಿಟ್ಟು, ಯೀಸ್ಟ್, ಸಕ್ಕರೆಪುಡಿ ಕಲಸಿದ ಉಂಡೆ ಪರಾಗದ ಬದಲಿಯಾಗಿ ಬಳಕೆಯಲ್ಲಿದೆ. ಹೂಬಿಡುವ ಕಾಲ ಬಂದೊಡನೆ ಪಾಕ ನಿಲ್ಲಿಸಬೇಕು, ಇಲ್ಲವಾದರೆ ಅದು ತುಪ್ಪದೊಳಗೆ ಸೇರುತ್ತದೆ.

ನೆಲೆ ಮತ್ತು ಕೊಯ್ಲು

ತುಡುವೆ ಹೆಚ್ಚಾಗಿ ಗೂಡಿನಿಂದ ಒಂದು ಕಿಲೋಮೀಟರಿನ ಆಸುಪಾಸಿನಲ್ಲೇ ಮೇಯುತ್ತದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಶರಾವತಿ ಕಣಿವೆಯ ಕಾಡು, ಗದ್ದೆ, ತೋಟಗಳನ್ನು ಮುಳುಗಿಸಿತು. ಹಿನ್ನೀರಿನ ಅಂಚಿನಲ್ಲಿಟ್ಟ ಪೆಟ್ಟಿಗೆಗೆ ಮೇವಿನ ಆವರಣದ ಒಂದು ಪಾಲು ನೀರೇ ಆಗಿರುತ್ತದೆ. ಅಕೇಶಿಯಾದಂಥ ಏಕಜಾತಿ ನೆಡುತೋಪಿನ ಹೂವೂ ವರ್ಷದ ಸ್ವಲ್ಪ ಕಾಲಕ್ಕಷ್ಟೆ. ಆದ್ದರಿಂದ ತೋಟದ ಅಂಚಿನ ನೇರಳೆ, ಅಂಟುವಾಳ, ಬೇಲಿಯ ಹೂಗಿಡಗಳನ್ನು ಉಳಿಸುವುದು ಜೇನು ಸಾಕಣೆಯ ಅಂಗವೇ ಹೌದು.

ಕೊಯ್ಲಿನಲ್ಲಿ ಮೇಲಿನ ಜೇನುಕೋಣೆಯ ತುಪ್ಪವನ್ನಷ್ಟೇ ತೆಗೆದು, ಕೆಳಗಿನ ಸಂಸಾರಕೋಣೆಯ ತುಪ್ಪ, ಪರಾಗಗಳನ್ನು ಮುಟ್ಟದೆ ಬಿಡುವುದು ಕುಟುಂಬವನ್ನು ಮಳೆಗಾಲ ದಾಟಿಸುವ ಎಲ್ಲಕ್ಕಿಂತ ಸುಲಭವಾದ, ಖರ್ಚಿಲ್ಲದ ಕ್ರಮ. ಮೇ ತಿಂಗಳ ಕೊನೆಯ ಕೊಯ್ಲಿನಲ್ಲಿ ಇದನ್ನು ಪಾಲಿಸಿದವರಿಗೆ ಜುಲೈಯಲ್ಲಿ ಪಾಕ ಹೊಯ್ಯುವ ಅಗತ್ಯ ಕಡಿಮೆಯಾಗುತ್ತದೆ.