ಬೇಸ್ ಧ್ವನಿವಿನ್ಯಾಸ

ಬೇಸ್ ಧ್ವನಿವಿನ್ಯಾಸ ಎಂಬುದು ವಿದ್ಯುನ್ಮಾನ ನೃತ್ಯಸಂಗೀತದ ಭಾರವಾದ ತಗ್ಗುಸ್ವರಗಳನ್ನು ಸಿಂಥಸೈಜರ್ ಅಥವಾ ಗಣಕಯಂತ್ರದ ತಂತ್ರಾಂಶದ ನೆರವಿನಿಂದ ರೂಪಿಸುವ ಕಲೆ. ಸುಮಾರು 20ರಿಂದ 250 ಹರ್ಟ್ಸ್‌ವರೆಗಿನ ಕಂಪನಗಳು ಇದರ ಮುಖ್ಯ ಕ್ಷೇತ್ರ. ಬೀದರ, ಭಾಲ್ಕಿ, ಔರಾದ ಭಾಗದಲ್ಲಿ ಇಂಥ ಸಂಗೀತವನ್ನು ಜನ ಹೆಚ್ಚಾಗಿ ಕೇಳುವುದು ಗಣೇಶ ವಿಸರ್ಜನೆ, ಜಯಂತಿ ಮೆರವಣಿಗೆ ಮತ್ತು ಮದುವೆಯ ಬಾರಾತ್‌ಗಳಲ್ಲಿ. ಇಲ್ಲಿನ ಆಡುಮಾತಿನಲ್ಲಿ 'ಡಿಜೆ' ಎಂದರೆ ಹಾಡು ನುಡಿಸುವ ವ್ಯಕ್ತಿಗಿಂತ ಮಿಗಿಲಾಗಿ ವಾಹನದ ಮೇಲೆ ಪೇರಿಸಿದ ಧ್ವನಿಪೆಟ್ಟಿಗೆಗಳ ಸಾಲು ಎಂದೇ ಅರ್ಥ. ಬೇಸ್ ಭಾರವಾಗಿ ಕೇಳಿಸಲು ಸದ್ದು ಹೆಚ್ಚಿಸಿದರೆ ಸಾಕೆಂಬುದು ರೂಢಿಯ ತಿಳಿವಳಿಕೆ. ಅದು ಪೂರ್ತಿ ಸರಿಯಲ್ಲ.

ಹಿನ್ನೆಲೆ

ಜಪಾನಿನ ರೋಲ್ಯಾಂಡ್ ಸಂಸ್ಥೆ 1980ರಲ್ಲಿ ಟಿಆರ್-808 ಎಂಬ ತಾಳಯಂತ್ರವನ್ನೂ, ಅದರ ಬೆನ್ನಿಗೇ ಟಿಬಿ-303 ಎಂಬ ಬೇಸ್ ಯಂತ್ರವನ್ನೂ ಹೊರತಂದಿತು. ಮುಂಬಯಿಯ ವಾದ್ಯಗಾರ ಚರಣಜಿತ್ ಸಿಂಗ್ 1982ರಲ್ಲಿ ಈ ಎರಡೂ ಯಂತ್ರಗಳನ್ನು ಬಳಸಿ ಭೈರವ, ಯಮನ್ ಮೊದಲಾದ ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ಅಳವಡಿಸಿದರು. ಆ ಧ್ವನಿಮುದ್ರಿಕೆ ಆಗ ಯಾರ ಗಮನಕ್ಕೂ ಹೆಚ್ಚು ಬರಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ ಪಾಶ್ಚಾತ್ಯ ವಿಮರ್ಶಕರು ಬೆರಗಾದರು. 303 ಯಂತ್ರದ ಕಿರುಗುಡುವ ಸ್ವರವನ್ನೇ ಆಧರಿಸಿದ 'ಆಸಿಡ್ ಹೌಸ್' ಪ್ರಕಾರವು ಅಮೆರಿಕದ ಷಿಕಾಗೊದಲ್ಲಿ ರೂಪುಗೊಂಡದ್ದು ಮುಂಬಯಿಯ ಆ ಪ್ರಯೋಗದ ಕೆಲವು ವರ್ಷಗಳ ನಂತರವೇ.

ತಳದ ಸ್ವರ

ಭಾರವಾದ ಬೇಸ್ ಸಾಮಾನ್ಯವಾಗಿ ಒಂದೇ ಸ್ವರವಲ್ಲ, ಒಂದರ ಮೇಲೊಂದು ಹಾಸಿದ ಎರಡು ಮೂರು ಪದರಗಳು. ಎಲ್ಲಕ್ಕಿಂತ ಕೆಳಗಿನದು 'ಸಬ್'. ಇದು 40ರಿಂದ 60 ಹರ್ಟ್ಸ್ ಸುಮಾರಿನ ಶುದ್ಧ ಸೈನ್ ತರಂಗ. ಇದನ್ನು ಕಿವಿಗಿಂತ ಎದೆಗೂಡೇ ಹೆಚ್ಚು ಗ್ರಹಿಸುತ್ತದೆ. ಈ ಪದರವನ್ನು ಎಡಬಲವೆಂದು ಹಂಚದೆ ನಡುವೆಯೇ ಇರಿಸುತ್ತಾರೆ. ಎಡಬಲದ ತರಂಗಗಳು ಹಿಂದುಮುಂದಾದರೆ ಒಂದನ್ನೊಂದು ಅಳಿಸಿಹಾಕಿ, ದೊಡ್ಡ ಪೆಟ್ಟಿಗೆಗಳ ಮುಂದೆಯೂ ಬೇಸ್ ಕಾಣೆಯಾಗುವುದುಂಟು.

808 ಯಂತ್ರದ ಡೋಲಿನ ಹೊಡೆತದ ಅನುರಣನವನ್ನು ಉದ್ದಕ್ಕೆ ಎಳೆದು, ಅದನ್ನೇ ಬೇಸ್ ಸ್ವರವಾಗಿ ಬಳಸುವುದು ಇಂದು ಬಹಳ ಪ್ರಚಲಿತ. ಒಂದು ಸ್ವರದಿಂದ ಇನ್ನೊಂದಕ್ಕೆ ಅದನ್ನು ಜಾರಿಸಲೂ ಬಹುದು. ಭಜನೆಯಲ್ಲಿ ಡಗ್ಗಾ ನುಡಿಸುವವರು ಅಂಗೈಯ ಬುಡವನ್ನು ಚರ್ಮದ ಮೇಲೆ ಒತ್ತಿ ನಾದವನ್ನು ಮೇಲಕ್ಕೆಳೆಯುವುದನ್ನು ಗಮನಿಸಿದವರಿಗೆ ಈ ಜಾರುವಿಕೆ ಹೊಸದೆನಿಸದು.

ಚಲನೆ

ಸಬ್ ಪದರ ನಿಶ್ಚಲ. ಸ್ವರಕ್ಕೆ ಜೀವ ಬರುವುದು ಅದರ ಮೇಲಿನ ಪದರದ ಚಲನೆಯಿಂದ. ಡೆಟ್ರಾಯಿಟ್‌ನ ಕೆವಿನ್ ಸಾಂಡರ್‌ಸನ್ 1988ರಲ್ಲಿ ಬಳಸಿದ 'ರೀಸ್' ಬೇಸ್ ಇದರ ಪ್ರಸಿದ್ಧ ಮಾದರಿ. ಇಲ್ಲಿ ಎರಡು ತರಂಗಗಳ ಶ್ರುತಿಯನ್ನು ಬೇಕೆಂದೇ ಕೂದಲೆಳೆಯಷ್ಟು ಬೇರೆ ಮಾಡಲಾಗುತ್ತದೆ. ಒಂದು 55 ಹರ್ಟ್ಸ್, ಇನ್ನೊಂದು 55.5 ಹರ್ಟ್ಸ್ ಇದ್ದರೆ ಎರಡು ಸೆಕೆಂಡಿಗೊಮ್ಮೆ ನಾದ ಉಬ್ಬಿ ಇಳಿಯುತ್ತದೆ. ಹತ್ತನೆಯ ಪಟ್ಟಿನ ಮೇಲುಕಂಪನದಲ್ಲಿ ಇದೇ ಉಬ್ಬರ ಸೆಕೆಂಡಿಗೆ ಐದು ಸಲ ನಡೆಯುತ್ತದೆ. ತಂಬೂರಿಯ ತಂತಿಗಳನ್ನು ಶ್ರುತಿಗೂಡಿಸುವಾಗ ಯಾವ ಅಲುಗಾಟವನ್ನು ಕಳೆಯಲು ಶ್ರಮಿಸುತ್ತಾರೋ ಅದನ್ನೇ ಇಲ್ಲಿ ಅಲಂಕಾರವಾಗಿ ಉಳಿಸಿಕೊಳ್ಳುತ್ತಾರೆ.

'ವಾಬಲ್' ಎಂಬ ತಂತ್ರ 2000ದ ದಶಕದಲ್ಲಿ ದಕ್ಷಿಣ ಲಂಡನ್ನಿನ ಡಬ್‌ಸ್ಟೆಪ್ ಪ್ರಕಾರದ ಮೂಲಕ ಹೆಸರಾಯಿತು. ಮೇಲುಕಂಪನಗಳಿಂದ ತುಂಬಿದ ಗರಗಸದ ಹಲ್ಲಿನಾಕಾರದ ತರಂಗವನ್ನು ಫಿಲ್ಟರ್ ಮೂಲಕ ಹಾಯಿಸಿ, ಆ ಫಿಲ್ಟರನ್ನು ನಿಧಾನವಾದ ಇನ್ನೊಂದು ತರಂಗದಿಂದ ತೆರೆದು ಮುಚ್ಚುವುದು ಇದರ ಮರ್ಮ. ಈ ನಿಧಾನ ತರಂಗಕ್ಕೆ ಎಲ್‌ಎಫ್‌ಒ ಎಂದು ಹೆಸರು. ಲಯಕ್ಕೆ ಅದು ಬದ್ಧವಾಗಿರಬೇಕು: ನಿಮಿಷಕ್ಕೆ 140 ಪೆಟ್ಟುಗಳ ಹಾಡಿನಲ್ಲಿ ಪ್ರತಿ ಪೆಟ್ಟಿಗೆ ಮೂರು ಸಲ ತೆರೆದರೆ ಸೆಕೆಂಡಿಗೆ ಏಳು ಸಲವಾಗುತ್ತದೆ. ಸ್ವರ ಮಾತನಾಡಿದಂತೆ, ಗುರುಗುಟ್ಟಿದಂತೆ ಕೇಳಿಸಲು 'ಅ', 'ಓ', 'ಈ' ಮುಂತಾದ ಸ್ವರಾಕ್ಷರಗಳನ್ನು ನುಡಿಯುವಾಗ ಬಾಯಿ ತಾಳುವ ಆಕಾರವನ್ನು ಫಿಲ್ಟರ್ ಅನುಕರಿಸುತ್ತದೆ. ಕರ್ನಾಟಕ ಸಂಗೀತ ಕಚೇರಿಯ ಮೋರ್ಸಿಂಗ್‌ನಲ್ಲಿಯೂ ನಡೆಯುವುದು ಇದೇ; ಅಲ್ಲಿ ಉಕ್ಕಿನ ನಾಲಿಗೆಯ ಮೂಲಸ್ವರ ಬದಲಾಗುವುದಿಲ್ಲ, ವಾದಕರ ಬಾಯಿಯೇ ಫಿಲ್ಟರ್ ಆಗಿರುತ್ತದೆ.

ಇನ್ನಷ್ಟು ಲೋಹದಂಥ, ಕರ್ಕಶವಾದ ನಾದಕ್ಕೆ ಒಂದು ತರಂಗದಿಂದ ಇನ್ನೊಂದರ ಆವರ್ತನವನ್ನೇ ಅಲುಗಿಸುವ ಎಫ್‌ಎಂ ವಿಧಾನವಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ ಇದನ್ನು ಕಂಡುಕೊಂಡರು; 1983ರ ಯಮಾಹಾ ಡಿಎಕ್ಸ್7 ಇದನ್ನು ಜನಪ್ರಿಯಗೊಳಿಸಿತು. 2014ರಲ್ಲಿ ಬಂದ ಸೀರಮ್‌ನಂತಹ ತಂತ್ರಾಂಶಗಳಲ್ಲಿ ಈ ಎಲ್ಲ ವಿಧಾನಗಳೂ ಒಂದೆಡೆ ದೊರೆಯುತ್ತವೆ.

ವಿಕೃತಿ

ಮೊಬೈಲಿನ ಪುಟ್ಟ ಸ್ಪೀಕರ್ 50 ಹರ್ಟ್ಸ್ ಕಂಪನವನ್ನು ಹೊರಡಿಸಲಾರದು. ಆದರೂ ಹಾಡಿನ ಬೇಸ್ ಅದರಲ್ಲಿ ಗುರುತು ಸಿಗುವುದಕ್ಕೆ ಕಾರಣ ಮಾನವನ ಶ್ರವಣಶಕ್ತಿಯ ಒಂದು ವಿಶೇಷ ಗುಣ. 200, 250, 300 ಹರ್ಟ್ಸ್‌ಗಳು ಒಟ್ಟಿಗೆ ಕೇಳಿದಾಗ ಮಿದುಳು ಇಲ್ಲದ 50 ಹರ್ಟ್ಸ್ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಆದ್ದರಿಂದ ಧ್ವನಿವಿನ್ಯಾಸಕರು ಸಬ್ ಪದರದ ಪ್ರತಿಯೊಂದನ್ನು ಹಿತಮಿತವಾಗಿ ವಿಕೃತಗೊಳಿಸಿ ಮೇಲುಕಂಪನಗಳನ್ನು ಹುಟ್ಟಿಸುತ್ತಾರೆ. ಸದ್ದು ಏರಿಸದೆಯೇ ಭಾರವನ್ನು ಏರಿಸುವ ಅತ್ಯಂತ ಪರಿಣಾಮಕಾರಿ ಉಪಾಯ ಇದೇ ಎನ್ನಬಹುದು.

ಕಿಕ್ ಡ್ರಮ್ ಮತ್ತು ಬೇಸ್ ಒಂದೇ ಆವರ್ತನಗಳಿಗಾಗಿ ಸ್ಪರ್ಧಿಸುತ್ತವೆ. ಕಿಕ್ ಬಿದ್ದ ಕ್ಷಣದಲ್ಲಿ ಬೇಸ್ ತಾನಾಗಿ ತಗ್ಗಿ, ಕೂಡಲೇ ಮೇಲೇಳುವಂತೆ ಮಾಡುವ ತಂತ್ರಕ್ಕೆ 'ಸೈಡ್‌ಚೈನ್' ಎನ್ನುತ್ತಾರೆ. ಹೊಡೆತಗಳ ನಡುವಿನ ಆ ಕಿರು ಬಿಡುವೇ ಕೇಳುಗನಿಗೆ ಹೊಡೆತದ ತೂಕವಾಗಿ ತೋರುತ್ತದೆ.

ಮೆರವಣಿಗೆಯಲ್ಲಿ

ಸ್ಟುಡಿಯೊದಲ್ಲಿ ಸಿದ್ಧವಾದ ಬೇಸ್ ಬೀದಿಗೆ ಬಂದಾಗ ಬೇರೆಯೇ ರೂಪ ತಾಳುತ್ತದೆ. 50 ಹರ್ಟ್ಸ್ ತರಂಗದ ಉದ್ದ ಸುಮಾರು 7 ಮೀಟರ್. ಅದು ಗೋಡೆ, ಮೂಲೆಗಳನ್ನು ಬಳಸಿಕೊಂಡು ಸಾಗುತ್ತದೆ. ಕಿಟಕಿ ಮುಚ್ಚಿದರೆ ಹಾಡಿನ ಮಾತು ನಿಲ್ಲುತ್ತದೆ, ಬೇಸ್ ನಿಲ್ಲುವುದಿಲ್ಲ. 4 ಮೀಟರ್ ಉದ್ದದ ಕೋಣೆಯು ಸುಮಾರು 43 ಹರ್ಟ್ಸ್‌ಗೆ ಅನುರಣಿಸುತ್ತದೆ, ಅಂದರೆ ಸರಿಯಾಗಿ ಸಬ್ ಪದರದ ಶ್ರುತಿಗೆ. ಬೀದರ ಹಳೆಯ ಪಟ್ಟಣದ ಇಕ್ಕಟ್ಟಾದ ಗಲ್ಲಿಗಳ ಚಿಕ್ಕ ಕೋಣೆಗಳಲ್ಲಿ ಮಲಗಿರುವ ಶಿಶುಗಳಿಗೂ ವೃದ್ಧರಿಗೂ ಮೆರವಣಿಗೆ ಹೊರಗೆ ಸಾಗುತ್ತಿದ್ದರೂ ಕೋಣೆಯೊಳಗೇ ಇದ್ದಂತೆ ಅನಿಸುವುದು ಇದರಿಂದಲೇ.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿಷೇಧವಿದೆ. ಹಬ್ಬಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ರಾಜ್ಯ ಸರ್ಕಾರ ವಿನಾಯಿತಿ ನೀಡಬಹುದು. ಸಾರ್ವಜನಿಕ ಸ್ಥಳದ ಅಂಚಿನಲ್ಲಿ ಧ್ವನಿವರ್ಧಕದ ಸದ್ದು ಯಾವ ಕಾರಣಕ್ಕೂ 75 ಡೆಸಿಬಲ್ ಮೀರಬಾರದು. ಆದರೆ ಈ ಅಳತೆಗೆ ಬಳಸುವ 'ಎ' ಮಾಪಕವು ಕಿವಿಯ ಸ್ವಭಾವವನ್ನು ಅನುಸರಿಸಿ ತಗ್ಗುಸ್ವರಗಳನ್ನು ಕಡಿಮೆಯಾಗಿ ಎಣಿಸುತ್ತದೆ. 63 ಹರ್ಟ್ಸ್‌ನಲ್ಲಿ ಅದು ಸುಮಾರು 26 ಡೆಸಿಬಲ್ ಕಳೆಯುತ್ತದೆ. ಹೀಗಾಗಿ 100 ಡೆಸಿಬಲ್ ತೀವ್ರತೆಯ ಬರಿಯ 63 ಹರ್ಟ್ಸ್ ಸ್ವರವೊಂದು ಮಾಪಕದಲ್ಲಿ 74 ಎಂದು ತೋರಿ ಆ 75ರ ಮಿತಿಯೊಳಗೇ ಉಳಿದೀತು, ತಗಡಿನ ಮಾಡು ಮಾತ್ರ ನಡುಗುತ್ತಿರುತ್ತದೆ.

ಕಿವಿಯ ಹಾನಿ ಮುಖ್ಯವಾಗಿ ಉಂಟಾಗುವುದು ಬೇಸ್‌ನಿಂದಲ್ಲ, ಅದರೊಂದಿಗೆ ಕಿರುಚುವ ಮಧ್ಯಮ ಮತ್ತು ಮೇಲಿನ ಸ್ವರಗಳಿಂದ. 85 ಡೆಸಿಬಲ್ ಸದ್ದನ್ನು ಎಂಟು ಗಂಟೆ ಸಹಿಸಬಹುದೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್ ಹೇಳುತ್ತದೆ. ಮುಂದೆ ಪ್ರತಿ 3 ಡೆಸಿಬಲ್‌ಗೆ ಆ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬಲ್‌ಗೆ ಸಿಗುವುದು 15 ನಿಮಿಷ. ಪೆಟ್ಟಿಗೆಗಳ ಎದುರು ಕುಣಿಯುವ ಹುಡುಗರಿಗಿಂತಲೂ ಇಡೀ ಹಬ್ಬದ ಕಾಲದಲ್ಲಿ ವಾಹನದ ಮೇಲೆಯೇ ದುಡಿಯುವ ಚಾಲಕ ಮತ್ತು ನಿರ್ವಾಹಕರಿಗೆ ಈ ಲೆಕ್ಕ ಹೆಚ್ಚು ಅನ್ವಯಿಸುತ್ತದೆ.