ಬಣ್ಣದಿಂದ ಕರೆಂಟು ತೆಗೆದವರ ಕಥೆ

ಮನೆ ಮೇಲಿನ ಸೋಲಾರ್ ಪ್ಲೇಟು ಎಂದರೆ ಸಾಮಾನ್ಯವಾಗಿ ಸಿಲಿಕಾನ್. ಅದನ್ನು ಶುದ್ಧ ಮಾಡಿ ಹರಳಾಗಿಸಲು ಸಾವಿರ ಡಿಗ್ರಿ ಮೀರಿದ ಕಾವು ಬೇಕು. ಬಣ್ಣ ಮತ್ತು ಬಿಳಿ ಪುಡಿಯಿಂದಲೂ ಕರೆಂಟು ತೆಗೆಯಬಹುದು ಎಂದು ತೋರಿಸಿದವರ ಕಥೆಯನ್ನು ಇಂದು ಹೇಳುತ್ತೇವೆ.

ಕಥೆ ಶುರುವಾಗುವುದು ಫೋಟೊದಿಂದ. ಆಗ ಫೋಟೊ ತೆಗೆಯುವ ಗಾಜಿನ ಮೇಲೆ ಬೆಳ್ಳಿಯ ಲವಣ ಇರುತ್ತಿತ್ತು. ಅದಕ್ಕೆ ನೀಲಿ ಬೆಳಕು ಚೆನ್ನಾಗಿ ಕಾಣುತ್ತಿತ್ತು, ಹಸಿರು, ಕೆಂಪು ಹೆಚ್ಚುಕಡಿಮೆ ಕತ್ತಲೆ. 1873ರಲ್ಲಿ ಬರ್ಲಿನ್‌ನ ಹರ್ಮನ್ ಫೋಗೆಲ್ ಆ ಲವಣಕ್ಕೆ ಬಣ್ಣ ಬೆರೆಸಿದರು. ಬಣ್ಣ ಹೀರಿದ ಬೆಳಕೂ ಗಾಜಿನ ಮೇಲೆ ಮೂಡಿತು. 1887ರಲ್ಲಿ ವಿಯೆನ್ನಾದಲ್ಲಿ ಮೋಸರ್ ಎಂಬುವರು ಇದೇ ಉಪಾಯದಿಂದ ಬೆಳಕು ಕೊಡುವ ಕರೆಂಟನ್ನು ಹೆಚ್ಚಿಸಿದರು.

ಒಳಗೆ ಆಗುವುದೇನು? ಬೆಳಕು ಬಿದ್ದಾಗ ಬಣ್ಣದ ಅಣುವಿನ ಎಲೆಕ್ಟ್ರಾನ್ ಮೇಲಕ್ಕೆ ಜಿಗಿದು ಪಕ್ಕದ ವಸ್ತುವಿಗೆ ದಾಟುತ್ತದೆ. ಅದು ತಂತಿಯಲ್ಲಿ ಹರಿದರೆ ಕರೆಂಟು. 1968ರಲ್ಲಿ ಜರ್ಮನಿಯ ಗೆರಿಷರ್ ಮತ್ತು ಟ್ರಿಬುಚ್ ಸತುವಿನ ಆಕ್ಸೈಡ್ ಮೇಲೆ ಇದನ್ನು ವಿವರವಾಗಿ ತೋರಿಸಿದರು.

ಆದರೆ ಕರೆಂಟು ತೀರಾ ಕಡಿಮೆ. ಆಕ್ಸೈಡಿಗೆ ಅಂಟಿಕೊಂಡ ಬಣ್ಣ ಮಾತ್ರ ಎಲೆಕ್ಟ್ರಾನ್ ದಾಟಿಸುತ್ತದೆ. ತೆಳ್ಳಗೆ ಬಳಿದರೆ ಬೆಳಕು ಹಿಡಿಯದು, ದಪ್ಪ ಬಳಿದರೆ ಮೇಲಿನ ಬಣ್ಣ ಆಕ್ಸೈಡನ್ನು ಮುಟ್ಟದು.

ಈ ಗಂಟು ಬಿಚ್ಚಿದ್ದು 1991ರಲ್ಲಿ, ಸ್ವಿಟ್ಜರ್ಲೆಂಡ್‌ನ ಲೊಸಾನ್‌ನಲ್ಲಿ. ಬ್ರಯನ್ ಓ'ರೀಗನ್ ಮತ್ತು ಮೈಕೆಲ್ ಗ್ರೆಟ್ಸೆಲ್ ಗೋಡೆಯ ಬಿಳಿ ಪೇಂಟಿನಲ್ಲಿರುವ ಟೈಟಾನಿಯಂ ಡೈಆಕ್ಸೈಡನ್ನೇ ತೆಗೆದುಕೊಂಡರು. ಅದರ ನ್ಯಾನೊ ಕಣಗಳನ್ನು ಸ್ಪಂಜಿನಂತೆ ಜೋಡಿಸಿದರು. ಪದರದ ದಪ್ಪ ಮಿಲಿಮೀಟರಿನ ನೂರನೇ ಒಂದು ಭಾಗ. ಆದರೂ ಬಣ್ಣ ಅಂಟುವ ಜಾಗ ನೂರಾರು ಪಟ್ಟು ಹೆಚ್ಚಿತು. ಬಿದ್ದ ಬೆಳಕಿನಲ್ಲಿ ಶೇ. 7ಕ್ಕೂ ಹೆಚ್ಚು ಕರೆಂಟಾಯಿತು.

2009ರಲ್ಲಿ ಜಪಾನಿನ ತ್ಸುತೊಮು ಮಿಯಾಸಾಕಾ ತಂಡ ಬಣ್ಣದ ಬದಲು ಪೆರೋವ್‌ಸ್ಕೈಟ್ ಬಳಸಿತು. ಇದು ಸೀಸ, ಅಯೋಡಿನ್ ಜೊತೆ ಸಾವಯವ ಅಣು ಸೇರಿದ ಹರಳು. ಆಗ ಸಿಕ್ಕಿದ್ದು ಶೇ. 3.8. ಈಗ ಪ್ರಯೋಗಾಲಯದಲ್ಲಿ ಶೇ. 25 ದಾಟಿ, ಸಿಲಿಕಾನ್‌ಗೆ ಸರಿಸಮವಾಗಿದೆ.

ಹಾಗಾದರೆ ನಮ್ಮ ಸೂರಿನ ಮೇಲೆ ಯಾಕಿಲ್ಲ? ತೇವ, ಕಾವು ತಾಗಿದರೆ ಈ ಹರಳು ಕೆಡುತ್ತದೆ. ಪ್ಲೇಟು ಒಡೆದು ಮಳೆ ನೀರು ಸೇರಿದರೆ ಸೀಸ ಮಣ್ಣಿಗೆ ಇಳಿಯಬಹುದು. ಸಿಲಿಕಾನ್ ಪ್ಲೇಟು 20-25 ವರ್ಷ ಬಾಳುತ್ತದೆ.

ಎಲೆಕ್ಟ್ರಾನ್ ದಾಟಿಸುವ ವಿದ್ಯೆ ಕೈಗೆ ಬಂದಿದೆ. ಬಿಸಿಲು-ಮಳೆ ತಾಳಿಸುವ ಕೆಲಸ ಇನ್ನೂ ನಡೆದಿದೆ. ಯಾರಾದರೂ ಹೊಸ ಬಗೆಯ ಅಗ್ಗದ ಪ್ಲೇಟು ಮಾರಲು ಬಂದರೆ, ಎಷ್ಟು ಕರೆಂಟು ಕೊಡುತ್ತದೆ ಎಂದಷ್ಟೇ ಕೇಳಬೇಡಿ. ಎಷ್ಟು ಮಳೆಗಾಲ ತಡೆಯುತ್ತದೆ ಎಂದೂ ಕೇಳಿ, ಅದನ್ನು ಬರವಣಿಗೆಯಲ್ಲಿ ಪಡೆಯಿರಿ.